ನೀನು ಕೂತ ಕುರ್ಚಿ, ನಾನು ಕೂತ ಕುರ್ಚಿ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಉಳಿದ ವಿಷಯವೆಲ್ಲ ನಿಮ್ಮಮ್ಮನ ಹತ್ತಿರ ಫೋನಿನಲ್ಲೇ ಮಾತಾಡಿದೆ. ಆದರೆ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆ ಒಂದು ಸಾಲು ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿದೆ. "ದೊಡ್ಡಮ್ಮ, ನಾನು ನಂಬಿದ್ದೆಲ್ಲ ನನ್ನದಾ, ಇಲ್ಲಾ ನನ್ನ ಸಂಬಳದ್ದಾ?"

ಕೆಲಸದಿಂದ ತೆಗೆಯುವ ಮುಂಚೆ ಇಷ್ಟು ದಿನ ಮೊದಲೇ ತಿಳಿಸಬೇಕು ಅನ್ನುವ ನಿಯಮವನ್ನು ಕೈಬಿಟ್ಟರು ಅಂತ ಸುದ್ದಿ ಓದಿದೆಯಂತೆ. ಮೊದಲು "ಸದ್ಯ, ಬದುಕಿದೆ" ಅನಿಸಿತಂತೆ. ಐದು ವರ್ಷದ ಹಿಂದೆ ಅದೇ ನಿಯಮ ಬೇಕು ಅಂತ ಬೋರ್ಡು ಹಿಡಿದು ಬಿಸಿಲಲ್ಲಿ ನಿಂತವಳು ನೀನೇ ಅನ್ನುವುದು ಆಮೇಲೆ ನೆನಪಾಯಿತಂತೆ. ಆವತ್ತು ನೀನು ಸಂಬಳ ತೆಗೆದುಕೊಳ್ಳುವವಳು. ಈಗ ಕೊಡುವವಳು. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀಯ. ಓದಿದ ಮೇಲೆ ನನಗೂ ಬರಲಿಲ್ಲ.

"ಎಲ್ಲರೂ ಹಾಗೇ ಕಣೇ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಅಂತ ಒಂದು ಸಾಲು ಬರೆದು ಮುಗಿಸಬಹುದಿತ್ತು. ಬರೆದೆ ಕೂಡ. ಹರಿದು ಹಾಕಿದೆ.

ರಾಜಕೀಯದಲ್ಲಿ ಎಡ, ಬಲ ಅಂತ ಜನ ಇಷ್ಟು ಜೋರಾಗಿ ಕಿತ್ತಾಡುತ್ತಾರಲ್ಲ, ಆ ಮಾತು ಹುಟ್ಟಿದ್ದೇ ಕುರ್ಚಿಯಿಂದ. 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ, ಸಭೆ ಮಾಡಿದ ಕಾನೂನನ್ನು ತಡೆಯುವ ಅಧಿಕಾರ ರಾಜನಿಗೆ ಇರಬೇಕೋ ಬೇಡವೋ ಅಂತ ಚರ್ಚೆ ನಡೆಯಿತು. ರಾಜನ ಪರ ಇದ್ದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಅಂದವರು ಎಡಕ್ಕೆ. ಅವರೇನೋ ಮನಸ್ಸಲ್ಲಿ ಇದ್ದದ್ದನ್ನು ನೋಡಿಕೊಂಡು ಕುರ್ಚಿ ಹಿಡಿದರು. ನಾನು ಕುರ್ಚಿ ಸಿಕ್ಕ ಮೇಲೆ ಮನಸ್ಸನ್ನು ಅದಕ್ಕೆ ಹೊಂದಿಸಿಕೊಂಡೆನಾ ಅನ್ನುವುದು ನಿನ್ನ ಭಯ. ಅಲ್ವಾ?

ಭಯ ಸುಳ್ಳು ಅಂತ ಹೇಳುವ ಹಾಗಿಲ್ಲ. ರಿಟೈರ್ ಆದ ಮೇಲೆ ಓದುವುದೇ ನನಗೆ ಕೆಲಸವಾಗಿದೆ, ಹಾಗಾಗಿ ಬೇಡದ್ದೆಲ್ಲ ತಲೆಯಲ್ಲಿರುತ್ತದೆ. ಬ್ರಿಟನ್ನಿನಲ್ಲಿ ಲಾಟರಿ ಹೊಡೆದವರ ಬಗ್ಗೆ ಆಂಡ್ರ್ಯೂ ಓಸ್ವಾಲ್ಡ್, ನಟ್ಟವುಧ್ ಪೌಡ್ತವೀ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಒಂದು ಅಧ್ಯಯನ ಹೊರತಂದರು. ಅದೇ ಜನರನ್ನು ವರ್ಷ ವರ್ಷವೂ ಕೇಳಿ ಬರೆದಿಟ್ಟಿದ್ದ ಉತ್ತರಗಳನ್ನು ಅವರು ನೋಡಿದ್ದು. ಲಾಟರಿ ಹೊಡೆದ ಮೇಲೆ ಕೆಲವರು ಬಲಕ್ಕೆ ವಾಲಿದ್ದರು. ದೊಡ್ಡ ಬಹುಮಾನ ಬಂದವರು ಇನ್ನೂ ಜಾಸ್ತಿ. ಸಾಮಾನ್ಯ ಜನಕ್ಕೆ ಸಿಗಬೇಕಾದ ಪಾಲು ಈಗಾಗಲೇ ಸಿಗುತ್ತಿದೆ ಅನ್ನುವ ಮಾತಿಗೂ ಹೂಂ ಅನ್ನುವ ಕಡೆಗೆ ಅವರು ಸರಿದಿದ್ದರು. ನೋಡು, ಇವರು ಬೆವರು ಸುರಿಸಿ ಗಳಿಸಿದವರಲ್ಲ, ಚೀಟಿ ಕೊಂಡವರು! ಆದರೂ ಚೀಟಿ ಹೊಡೆದ ಮೇಲೆ ಲೋಕ ಸ್ವಲ್ಪ ನ್ಯಾಯವಾಗಿಯೇ ಕಾಣಿಸಿತು. ಓದಿ ನಕ್ಕೆ. ಆಮೇಲೆ ನನ್ನದೇ ನೆನಪಾಗಿ ನಗು ನಿಂತಿತು.

ಇದನ್ನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ನಿಮ್ಮಮ್ಮನಿಗೆ ಅರ್ಧ ಗೊತ್ತು.

ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಂದು ಸಲ ಸ್ಟ್ರೈಕ್ ಆಯಿತು. ಅದಕ್ಕೆ ಎರಡು ತಿಂಗಳ ಮುಂಚೆ ನನ್ನನ್ನು ಹೆಡ್ ಕ್ಲರ್ಕ್ ಮಾಡಿದ್ದರು. ಸಂಬಳ ಜಾಸ್ತಿಯಾಗಿದ್ದು ಅಷ್ಟಕ್ಕಷ್ಟೇ. ಆದರೆ ಬೀಗ ಇರುವ ಡ್ರಾಯರಿನ ಮೇಜು ಸಿಕ್ಕಿತ್ತು. ಸೆರಗಿನ ತುದಿಗೆ ಬೀಗದ ಕೈ ಗಂಟು ಹಾಕಿಕೊಂಡು ಓಡಾಡುತ್ತಿದ್ದೆ. ನಡೆಯುವಾಗ ಅದು ಮೇಜಿಗೆ ತಗಲಿ ಟಣ್ ಅನ್ನುವುದು. ಆ ಸದ್ದು ನನಗೆ ಬಹಳ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸ್ಟ್ರೈಕಿನ ದಿನಗಳಲ್ಲಿ ಹಾಜರಿ ಪುಸ್ತಕ ಬರೆಯುವ ಕೆಲಸ ನನ್ನದು. ಹೊರಗೆ ನಿಂತವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಅಂತ ಹಾಕಬೇಕು. ದಿನಾ ನಲವತ್ತೊಂದು ಹೆಸರು. ಮೂರನೆಯ ದಿನಕ್ಕೆ ಬೆರಳೆಲ್ಲ ಕೆಂಪು. ಆ ಹೆಸರುಗಳಲ್ಲಿ ನನ್ನ ಗೆಳತಿಯದೂ ಇತ್ತು. ಎಂಟು ವರ್ಷ ಪಕ್ಕದ ಮೇಜಿನಲ್ಲಿ ಕೂತವಳು. ನನ್ನನ್ನು ಯೂನಿಯನ್ನಿಗೆ ಸೇರಿಸಿದ್ದೂ ಅವಳೇ.

ಗೇಟಿನ ಹೊರಗೆ ಅವರು, ಮಾಲೀಕರು ದುಡ್ಡು ಬಚ್ಚಿಟ್ಟಿದ್ದಾರೆ ಅಂತ ಕೂಗುತ್ತಿದ್ದರು. ಲೆಕ್ಕದ ಪುಸ್ತಕ ನನ್ನ ಡ್ರಾಯರಿನಲ್ಲೇ ಇತ್ತು. ಬಚ್ಚಿಡುವುದಕ್ಕೆ ದುಡ್ಡೇ ಇರಲಿಲ್ಲ. ಸಾಲದ ಕಂತು ಕಟ್ಟದೆ ನಾಲ್ಕು ತಿಂಗಳಾಗಿತ್ತು. ಅವರು ಕೇಳಿದಷ್ಟು ಕೊಟ್ಟರೆ ಕಂಪನಿ ಆ ವರ್ಷ ದಾಟುವುದೇ ಕಷ್ಟ ಅಂತ ನನಗೆ ಕಾಣುತ್ತಿತ್ತು. ಹಳೆಯ ಮೇಜಿನಲ್ಲಿ ಕೂತಿದ್ದರೆ ಕಾಣುತ್ತಿರಲಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಬದಲಾಗಿದ್ದು ಬರೀ ಸಂಬಳದಿಂದ ಅಂತ ಇವತ್ತಿಗೂ ಒಪ್ಪಲಾರೆ. ನಿನ್ನದೂ ಅಷ್ಟೇ. ತಿಂಗಳ ಕೊನೆಯಲ್ಲಿ ಸಂಬಳದ ದುಡ್ಡು ಹೊಂದಿಸುವಾಗ ಹೊಟ್ಟೆಯಲ್ಲಿ ಆಗುವ ಸಂಕಟ, ಸಂಬಳ ತೆಗೆದುಕೊಳ್ಳುವಾಗ ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಾದ ಮೇಲೂ ಮೊದಲಿನ ಹಾಗೇ ಯೋಚಿಸು ಅಂದರೆ ಹೇಗೆ?

ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಪುಟವೂ ಇತ್ತು. ಮಾಲೀಕರ ಮನೆಯ ಎರಡು ಕಾರಿನ ಖರ್ಚು ಕಂಪನಿಯ ಹೆಸರಲ್ಲಿ. ಆ ಪುಟ ಬಂದಾಗ ನಾನು ಬೇಗ ಬೇಗ ತಿರುವುತ್ತಿದ್ದೆ. ಯಾರೂ ತಿರುವು ಅಂದಿರಲಿಲ್ಲ. ಬೆರಳು ತಾನಾಗಿ ಹೋಗುತ್ತಿತ್ತು.

ನಿನ್ನ ಸಾಲು ಓದಿದಾಗ ನನಗೆ ನೆನಪಾಗಿದ್ದು ಆ ಬೆರಳು.

ಹದಿನೇಳನೆಯ ದಿನ ಮ್ಯಾನೇಜರು ಒಳಗೆ ಕರೆದರು. ಒಂದು ಹಾಳೆಯಲ್ಲಿ ಐದು ಹೆಸರು ಬರೆದಿಟ್ಟುಕೊಂಡಿದ್ದರು. ಒಂದೊಂದರ ಮೇಲೂ ಪೆನ್ನಿಟ್ಟು, "ಜನರನ್ನು ಸೇರಿಸಿದ್ದು ಇವರಾ?" ಅಂತ ಕೇಳಿದರು. ಮೂರನೆಯದು ಅವಳ ಹೆಸರು. ನಾನು ಮಾತಾಡಲಿಲ್ಲ. ತಲೆ ಆಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ಅನ್ನುವುದು ಅವರಿಗೆ ಬಿಟ್ಟಿದ್ದು ಅಂತ ಆವತ್ತು ನನಗೆ ನಾನೇ ಹೇಳಿಕೊಂಡೆ. ಹೌದು ಅಂತಲೇ ಆಡಿಸಿದ್ದು. ಸ್ಟ್ರೈಕ್ ಮುಗಿದ ಮೇಲೆ ಎಲ್ಲರನ್ನೂ ಒಳಗೆ ತೆಗೆದುಕೊಂಡರು, ಮೂವರನ್ನು ಬಿಟ್ಟು. ಅವಳು ಆ ಮೂವರಲ್ಲಿ ಒಬ್ಬಳು.

ಆಮೇಲೆ ಎಷ್ಟೋ ವರ್ಷ, ಯಾರ ಮನೆಗೆ ಹೋದರೂ, ಮಾತು ಎಲ್ಲಿಂದ ಶುರುವಾದರೂ, ಯೂನಿಯನ್ನಿನಿಂದಲೇ ದೇಶ ಹಾಳಾಗಿದ್ದು ಅಂತ ನಾನು ವಾದ ಮಾಡುತ್ತಿದ್ದೆ. ನೀನೂ ಕೇಳಿದ್ದೀಯ. ಹೈಸ್ಕೂಲಿನಲ್ಲಿ ಇರುವಾಗ ನನ್ನ ಮೇಲೆ ಸಿಟ್ಟಾಗಿ ಎದ್ದು ಹೋಗಿದ್ದೆ, ನೆನಪಿದೆಯಾ? ಬೇಕಾದ್ದಕ್ಕಿಂತ ಗಂಟಲು ದೊಡ್ಡದು ಮಾಡುತ್ತಿದ್ದೆ. ಮಾಡಿದ ಕೆಲಸಕ್ಕೆ ಹೊದಿಸುವುದಕ್ಕೆ ನನಗೊಂದು ಅಭಿಪ್ರಾಯ ಬೇಕಿತ್ತು. ದೊಡ್ಡದೇ ಬೇಕಿತ್ತು.

ಈಗ ಒಂದು ಬುದ್ಧಿಮಾತು ಹೇಳಬೇಕು ಅನಿಸುತ್ತದೆ. ಹೇಳುವ ಯೋಗ್ಯತೆ ಇಲ್ಲದವಳು ಅಂತ ಗೊತ್ತಿದ್ದೇ ಹೇಳುತ್ತೇನೆ. ಚುನಾವಣೆ ಹತ್ತಿರ ಬಂದಾಗ ನಿನ್ನ ಹತ್ತಿರ ಕೆಲಸ ಮಾಡುವವರಿಗೆ ಯಾರಿಗೆ ವೋಟು ಅಂತ ಕೇಳಬೇಡ. ತಮಾಷೆಗೂ ಬೇಡ. ಕೆಲಸದ ವಾಟ್ಸಾಪ್ ಗುಂಪಿಗೆ ಆ ಥರದ್ದು ಏನೂ ಕಳಿಸಬೇಡ. ನಿನಗೆ ಅದು ಹರಟೆ, ಅವರಿಗೆ ಅದು ಪರೀಕ್ಷೆ.

ಬ್ರಿಟನ್ನಿನಲ್ಲಿ 1872ರ ತನಕ ವೋಟು ಹಾಕುವವನು ಯಾರಿಗೆ ಅಂತ ಎಲ್ಲರೆದುರು ಹೇಳಬೇಕಿತ್ತು. ಬರೆದುಕೊಂಡಿದ್ದನ್ನು ಎಷ್ಟೋ ಕಡೆ ಪುಸ್ತಕ ಮಾಡಿ ಅಚ್ಚು ಹಾಕಿಸಿ ಮಾರುತ್ತಿದ್ದರು. ಜಮೀನ್ದಾರ ಆ ಪುಸ್ತಕ ತೆಗೆದು ತನ್ನ ಗೇಣಿದಾರ ಯಾರ ಕಡೆ ಅಂತ ನೋಡಬಹುದಿತ್ತು. ಅಂಗಡಿಯವನಿಗೂ ಅದೇ ಕಾಟ. ನಮ್ಮ ಕಡೆಗೆ ಹಾಕದಿದ್ದರೆ ನಿನ್ನ ಹತ್ತಿರ ವ್ಯಾಪಾರ ಬಂದ್ ಅನ್ನುವ ಗಿರಾಕಿಗಳು ಎರಡೂ ಪಕ್ಷದಲ್ಲಿ ಇದ್ದರು. ಗುಟ್ಟಾಗಿ ಚೀಟಿ ಹಾಕುವ ಪದ್ಧತಿಯನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ 1856ರಲ್ಲೇ ತಂದವು, ಬ್ರಿಟನ್ ಹದಿನಾರು ವರ್ಷ ತಡವಾಗಿ. ಅನ್ನ ಕೊಡುವವರ ಕಣ್ಣು ಬೀಳದ ಜಾಗ ಅಂತ ಮನುಷ್ಯನಿಗೆ ಒಂದಾದರೂ ಇರಲಿ ಅಂತ ಮಾಡಿದ್ದು ಅದು. ಆ ಪುಸ್ತಕದ ಬಗ್ಗೆ ಓದಿದ ದಿನ ಕೆಂಪು ಶಾಯಿ ಮತ್ತೆ ಬೆರಳಿಗೆ ಹತ್ತಿದ ಹಾಗಾಯಿತು.

ಮತ್ತೆ ನಿನ್ನ ಪ್ರಶ್ನೆಗೇ ಬರುತ್ತೇನೆ. ಜೇಬೇ ಎಲ್ಲ ಆಗಿದ್ದರೆ ಕೆಲವರ ಕಥೆ ಅರ್ಥವೇ ಆಗುವುದಿಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಷೇರು ವ್ಯಾಪಾರದಲ್ಲಿ ದುಡ್ಡು ಮಾಡಿ 1814ರಲ್ಲಿ ದೊಡ್ಡ ಎಸ್ಟೇಟು ಕೊಂಡ. ತಾನೇ ಜಮೀನ್ದಾರನಾದ. ಹೊರಗಿನ ಧಾನ್ಯ ಒಳಗೆ ಬರದಂತೆ ತಡೆದು ಜಮೀನ್ದಾರರ ಗೇಣಿಯನ್ನು ಏರಿಸಿಡುತ್ತಿದ್ದ ಕಾನೂನನ್ನು, ಜಮೀನು ಕೊಂಡ ಮೇಲೂ ವಿರೋಧಿಸಿದ. ಅದರಿಂದ ಅವನಿಗೇ ನಷ್ಟ ಅಲ್ವಾ? ಇನ್ನು ಎಂಗೆಲ್ಸ್, ಕಾರ್ಲ್ ಮಾರ್ಕ್ಸ್ ಜೊತೆ ಸೇರಿ ಕಾರ್ಮಿಕರ ಪರ ಬರೆದವನು. ಮ್ಯಾಂಚೆಸ್ಟರಿನ ಹತ್ತಿ ಗಿರಣಿಯಲ್ಲಿ ಪಾಲುದಾರ. ಅಲ್ಲಿ ಗಳಿಸಿದ್ದರಲ್ಲೇ ಮಾರ್ಕ್ಸ್ ಸಂಸಾರ ನಡೆಯಲು ನೆರವಾಗುತ್ತಿದ್ದ. 1869ರಲ್ಲಿ ಆಫೀಸಿಗೆ ಹೋಗುವ ಕೊನೆಯ ಬೆಳಿಗ್ಗೆ ಬೂಟು ಹಾಕಿಕೊಳ್ಳುತ್ತಾ, ಇದೇ ಕೊನೆ ಅಂತ ಖುಷಿಯಿಂದ ಕೂಗಿದನಂತೆ. ಆಗ ಅವನ ಮನೆಯಲ್ಲಿದ್ದ ಮಾರ್ಕ್ಸ್ ಮಗಳು ಎಲಿನರ್ ಬರೆದಿಟ್ಟಿದ್ದಾಳೆ. ಇಪ್ಪತ್ತು ವರ್ಷದ ಹತ್ತಿರ ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಪರ ಯೋಚಿಸಿದವನು. ಸುಖವಾಗಿದ್ದ ಅಂತ ಅನಿಸುವುದಿಲ್ಲ.

ನಿನಗೆ ಅಷ್ಟು ದೊಡ್ಡವರ ಕಥೆ ಯಾಕೆ ಅಂತ ಕೇಳಬಹುದು. ಸರಿ. ನಿನ್ನಂಥವರ ಬಗ್ಗೆಯೂ ಇದೆ. ಫ್ರಾನ್ಸ್, ಬ್ರಿಟನ್, ಅಮೆರಿಕದ 1948ರಿಂದ 2017ರ ತನಕದ ಮತದಾರರ ಸಮೀಕ್ಷೆಗಳನ್ನು ಫ್ರಾನ್ಸಿನ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟ್ಟಿ ಒಟ್ಟಿಗೆ ಇಟ್ಟು ನೋಡಿದ. ಮೊದಲೆಲ್ಲ ಓದೂ ಕಡಿಮೆ ದುಡ್ಡೂ ಕಡಿಮೆ ಇದ್ದವರು ಎಡ ಪಕ್ಷಗಳಿಗೆ ಹಾಕುತ್ತಿದ್ದರು. ಬರುತ್ತಾ ಬರುತ್ತಾ ಜಾಸ್ತಿ ಓದಿದವರು ಎಡಕ್ಕೆ ಸೇರಿದರು, ಜಾಸ್ತಿ ಆಸ್ತಿ ಇದ್ದವರು ಬಲದಲ್ಲೇ ಉಳಿದರು. ಒಂದಕ್ಕೆ ಬ್ರಾಹ್ಮಣ ಎಡ, ಇನ್ನೊಂದಕ್ಕೆ ವರ್ತಕ ಬಲ ಅಂತ ಹೆಸರಿಟ್ಟಿದ್ದಾನೆ. ಹೆಸರು ಓದಿ ನನಗೆ ತಮಾಷೆ ಅನಿಸಿತು. ನಿನ್ನ ಹತ್ತಿರ ಎರಡು ಡಿಗ್ರಿಯೂ ಇದೆ, ವ್ಯಾಪಾರವೂ ಇದೆ. ಹಗ್ಗ ಎರಡೂ ಕಡೆಯಿಂದ ಎಳೆಯುತ್ತಿದೆ. ನಿದ್ದೆ ಹೇಗೆ ಬರಬೇಕು?

ಏನು ಮಾಡಲಿ ಅಂತ ಕೇಳಿದ್ದೀಯ. ನನ್ನ ಹತ್ತಿರ ಅಂಥದ್ದೇನೂ ಇಲ್ಲ ಮಗಳೇ. ನಾನಾಗಿದ್ದರೆ, ಇಂಥ ಸುದ್ದಿ ಓದಿದ ದಿನ ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡುತ್ತಿದ್ದೆ. ಮೊದಲು ಏನನಿಸಿತು, ಇದರಿಂದ ನನಗೆ ಎಷ್ಟು ಉಳಿಯಿತು, ಅಷ್ಟೇ. ನಾನು ಇದನ್ನು ಯಾವತ್ತೂ ಮಾಡಿಲ್ಲ, ಹೇಳುವುದು ಸುಲಭ. ಇನ್ನೊಂದು: ಕಾನೂನು ಇರಲಿ ಬಿಡಲಿ, ಯಾರನ್ನಾದರೂ ತೆಗೆಯಬೇಕಾಗಿ ಬಂದರೆ ಮೊದಲೇ ಹೇಳು. ನಿಯಮ ಹೋಯಿತು ಅಂತ ನಿನ್ನ ಕೈಯನ್ನು ಯಾರೂ ಕಟ್ಟಿಹಾಕಿಲ್ಲವಲ್ಲ. ಕೈಯಲ್ಲಿ ದುಡ್ಡಿಲ್ಲದ ತಿಂಗಳು ಇದು ಎಷ್ಟು ಕಷ್ಟ ಅಂತ ನನಗೂ ಗೊತ್ತು, ಆ ಲೆಕ್ಕದ ಪುಸ್ತಕ ನಾನೂ ನೋಡಿದ್ದೇನೆ. ಆದರೂ.

ಅಭಿಪ್ರಾಯ ಬದಲಾಯಿತು ಅಂತ ಹೆದರಬೇಡ ಅಂತ ಬರೆಯಬೇಕು ಅಂದುಕೊಂಡೇ ಈ ಪತ್ರ ಶುರು ಮಾಡಿದ್ದು. ಬರೆಯುತ್ತಾ ನನಗೇ ಅನುಮಾನ ಬಂತು. ನೀನು ಹೆದರಿದ್ದೀಯಲ್ಲ, ಅದು ನನಗೆ ಸಮಾಧಾನ. ನಾನು ಹೆದರಿರಲಿಲ್ಲ. ಹೆಡ್ ಕ್ಲರ್ಕ್ ಆದ ಆ ಎರಡು ತಿಂಗಳಲ್ಲಿ ಒಂದು ರಾತ್ರಿಯೂ ನಿದ್ದೆ ಕೆಟ್ಟಿರಲಿಲ್ಲ.

ಆ ಗೆಳತಿಯನ್ನು ಆಮೇಲೆ ಒಂದು ಸಲ ನೋಡಿದೆ. ಬಸ್ಸಿನಲ್ಲಿ, ಎರಡು ಸೀಟು ಮುಂದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಾತಾಡಿಸಬೇಕು ಅಂತ ಎದ್ದೆ. ಅವಳು ಇಳಿಯುವ ಜಾಗ ಬಂತು, ಇಳಿದು ಹೋದಳು. ನನ್ನನ್ನು ನೋಡಿದ್ದಳೋ ಇಲ್ಲವೋ. ಅವಳ ಹೆಸರು ಇಲ್ಲಿ ಬರೆಯೋಣ ಅಂತ ಎರಡು ಸಲ ಪೆನ್ನು ಇಟ್ಟೆ, ಆಗಲಿಲ್ಲ.

ಇನ್ನೊಂದು ಮಾತು. ಹೇಳಲೋ ಬೇಡವೋ ಅಂತ ಎಂಟು ದಿನ ಯೋಚಿಸಿದೆ. ಮೊದಲ ಕೆಲಸಕ್ಕೆ ಸೇರಿದಾಗ ನೀನು ಬರೆದ ಪತ್ರಗಳು ನನ್ನ ಹತ್ತಿರ ಇವೆ. ಮೊನ್ನೆ ತೆಗೆದು ಓದಿದೆ. ಪಕ್ಕದ ಮೇಜಿನವಳ ಮಗುವಿಗೆ ಹಲ್ಲು ಬಂದಿದ್ದು, ವಾಚ್‌ಮನ್ ಮಂಡಿ ನೋವು, ಓಟಿ ದುಡ್ಡು ಬರದೆ ಅತ್ತ ಹುಡುಗ, ಎಲ್ಲ ಇದೆ. ಎಲ್ಲರ ಹೆಸರೂ ಇದೆ. ಈ ಪತ್ರದಲ್ಲಿ "ನನ್ನ ಆರು ಜನ" ಅಂತ ನಾಲ್ಕು ಕಡೆ ಬರೆದಿದ್ದೀಯ. ಹೆಸರು ಒಂದೂ ಇಲ್ಲ. ಅವಸರದಲ್ಲಿ ಬರೆದಿರುತ್ತೀಯ, ನನಗೆ ಗೊತ್ತು.

ಮುಂದಿನ ಪತ್ರದಲ್ಲಿ ಅವರ ಹೆಸರು ಬರಿ. ಯಾರ ಕೆಲಸ ಏನು ಅಂತ ಬೇಡ, ಆ ಕಂಪ್ಯೂಟರಿನ ವಿಷಯ ನನಗೆ ಅರ್ಥವಾಗಲ್ಲ.

ಇಂತಿ,
ನಿನ್ನ ದೊಡ್ಡಮ್ಮ