ಮೊದಲು ಕಸದ ಬುಟ್ಟಿ ನೋಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಹೇಗಿದ್ದೀಯ? ಹೋದ ಸಲ ಫೋನ್ ಮಾಡಿದಾಗ ನೀನು ಕೇಳಿದ ಮಾತು ತಲೆಯಲ್ಲೇ ಕೂತಿದೆ. "ಪರಿಸರಕ್ಕೆ ಹೊರೆಯಾಗದ ಹಾಗೆ ಬದುಕಬೇಕು ಅಂತ ಆಸೆ ಇದೆ, ಆದರೆ ನಾಲ್ಕು ದಿನಕ್ಕೇ ಕೈಬಿಟ್ಟು ಹೋಗುತ್ತೆ. ನಿನಗೆ ಹೇಗೆ ಸಾಧ್ಯ ಆಯ್ತು?" ಅಂದಿದ್ದೆ. ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಇದೇ ಪ್ರಶ್ನೆ ಇನ್ನೂ ಕೆಲವರು ಕೇಳಿದ್ದರಿಂದ ಎಲ್ಲರೂ ಓದುವ ಹಾಗೆ ಇಲ್ಲಿ ಹಾಕುತ್ತಿದ್ದೇನೆ. ಬೇಜಾರಿಲ್ಲ ಅಲ್ವಾ?

ನಾನೂ ಎರಡು ಸಲ ಶುರುಮಾಡಿ ಬಿಟ್ಟವನೇ. ಮೊದಲ ಸಲ ಒಂದೇ ದಿನ ಎಂಟು ನಿಯಮ ಹಾಕಿಕೊಂಡೆ. ಪ್ಲಾಸ್ಟಿಕ್ ಮುಟ್ಟಬಾರದು, ನೀರು ಅಳೆದು ಬಳಸಬೇಕು, ಹತ್ತಿರದ ಜಾಗಕ್ಕೆ ನಡೆದೇ ಹೋಗಬೇಕು, ಹೀಗೆ. ನಾಲ್ಕನೇ ದಿನ ಅಂಗಡಿಗೆ ಚೀಲ ಒಯ್ಯಲು ಮರೆತೆ. ಅಷ್ಟಕ್ಕೇ ಎಲ್ಲ ಮುರಿದುಬಿತ್ತು ಅನ್ನಿಸಿ ಉಳಿದ ಏಳನ್ನೂ ಬಿಟ್ಟೆ. ಎರಡನೇ ಸಲ 21 ದಿನದ ಸವಾಲು ಹಿಡಿದೆ. ಹಲ್ಲು ಕಚ್ಚಿಕೊಂಡು ಮುಗಿಸಿದೆ. 22ನೇ ದಿನದಿಂದ ಮತ್ತೆ ಹಳೆಯ ದಾರಿ.

ಈ 21 ದಿನ ಎಲ್ಲಿಂದ ಬಂತು ಅಂತ ಆಮೇಲೆ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತು ಅದು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಎಂದರೂ ಸುಮಾರು 21 ದಿನ ಬೇಕು ಎಂದಿದ್ದರು. "ಕಡಿಮೆ ಎಂದರೂ" ಅನ್ನೋದನ್ನು ಜನ ಬಿಟ್ಟುಬಿಟ್ಟರು, ಮುಖದ ವಿಷಯ ಅನ್ನೋದನ್ನೂ ಮರೆತರು. ಅಭ್ಯಾಸವನ್ನೇ ಅಳೆದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು. 96 ಜನ ತಲಾ ಒಂದು ಸಣ್ಣ ಕೆಲಸ ಆರಿಸಿಕೊಂಡರು, ಅವರನ್ನು 12 ವಾರ ಗಮನಿಸಿದರು. ಯೋಚಿಸದೆ ಕೈ ತಾನಾಗಿ ಆ ಕೆಲಸ ಮಾಡುವ ಹಂತಕ್ಕೆ ಬರಲು ಸರಾಸರಿ 66 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ಕೆಲವರಿಗೆ 18 ದಿನ ಸಾಕು, ಆ 12 ವಾರದ ಲೆಕ್ಕವನ್ನೇ ಮುಂದಕ್ಕೆ ಎಳೆದು ನೋಡಿದರೆ ಕೆಲವರಿಗೆ 254 ದಿನವೂ ಬೇಕಾಗಬಹುದು. ಇನ್ನೊಂದು ಮಾತಿತ್ತು ಅದರಲ್ಲಿ: ಮಧ್ಯೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಇಲ್ಲ. ಅದನ್ನು ಓದಿದಾಗ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು ಕಣೋ. ಮರೆತ ಆ ಒಂದು ಚೀಲಕ್ಕೆ ನಾನು ಎಲ್ಲವನ್ನೂ ಬಿಟ್ಟಿದ್ದೆ!

ಹಾಗಾಗಿ ಮೂರನೇ ಸಲ ಒಂದೇ ಅಭ್ಯಾಸ, 66 ದಿನ ಅಂತ ನಿರ್ಧರಿಸಿದೆ. ಯಾವುದು ಆ ಒಂದು? ಅದನ್ನು ತಿಳಿಯಲು ಮೊದಲ ವಾರ ಏನನ್ನೂ ಬದಲಾಯಿಸಲಿಲ್ಲ. ಸುಮ್ನೆ ನೋಡಿದೆ.

ದಿನಾ ರಾತ್ರಿ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಕಸದ ಬುಟ್ಟಿಯನ್ನು ಬೋರಲು ಹಾಕುತ್ತಿದ್ದೆ. ನಾಲ್ಕಾಗಿ ಮಡಚಿದ ಬಿಲ್ಲು. ಪಾರ್ಸೆಲ್‌ನಿಂದ ಕಿತ್ತು ತೆಗೆದ ಟೇಪು. ಒದ್ದೆ ಸಿಪ್ಪೆಗೆ ಅಂಟಿಕೊಂಡ ತೆಳು ಕವರ್, ಬಿಡಿಸಲು ಹೋದರೆ ಉಗುರಿನಿಂದ ಎಳೆಯಬೇಕು. ಅದರಡಿಯಲ್ಲಿ ತರಕಾರಿಯ ಒಂದು ಪೊಟ್ಟಣ. ಗಂಟು ಇನ್ನೂ ಬಿಚ್ಚಿರಲಿಲ್ಲ, ಒಳಗೆ ಎಲ್ಲಾ ಕೊಳೆತು ನೀರಾಗಿತ್ತು. ತಂದವನು ನಾನೇ, ಫ್ರಿಜ್ಜಿನ ಹಿಂದೆ ಸೇರಿಸಿದವನೂ ನಾನೇ. ನಮ್ಮ ಮನೆಯ ಕಸ ಅಂದರೆ ಪ್ಲಾಸ್ಟಿಕ್ ಅಂತಲೇ ನಾನು ನಂಬಿದ್ದೆ. ತಕ್ಕಡಿಗೆ ಹಾಕಿದರೆ ಎಲ್ಲಕ್ಕಿಂತ ಜಾಸ್ತಿ ತೂಗಿದ್ದು ತಿನ್ನದೆ ಎಸೆದದ್ದು.

ನಮ್ಮ ಮನೆಯೊಂದರ ಕಥೆಯಲ್ಲ ಇದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ. ಹೋಟೆಲ್, ಅಂಗಡಿ ಎಲ್ಲಾ ಆಮೇಲೆ. ಹೀಗೆ ಎಸೆದದ್ದು ಕಸದ ಗುಡ್ಡದ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಭೂಮಿಯನ್ನು ಕಾಯಿಸುತ್ತದೆ. ಮನೆಯಲ್ಲೇ ಹಸಿ ಕಸದಿಂದ ಗೊಬ್ಬರ ಮಾಡುವ ಡಬ್ಬಕ್ಕೆ ತೂತು ಕೊರೆದು, ಒಣ ಎಲೆ ಹಾಕಿ, ಆಗಾಗ ಕೆದಕಬೇಕು ಅನ್ನುವುದು ಇದಕ್ಕೇ. ಗಾಳಿ ಆಡುತ್ತಿದ್ದರೆ ಮೀಥೇನ್ ಅಷ್ಟಾಗಿ ಹುಟ್ಟುವುದಿಲ್ಲ, ವಾಸನೆಯೂ ಬರುವುದಿಲ್ಲ.

ಆ ಪೊಟ್ಟಣವೇ ನನ್ನ ಅಭ್ಯಾಸವನ್ನು ಆರಿಸಿಕೊಟ್ಟಿತು. ರಾತ್ರಿ ಒಲೆ ಆರಿಸಿದ ಕೂಡಲೇ ಫ್ರಿಜ್ ತೆಗೆದು, ಹಿಂದೆ ಇರುವ ಹಳೆಯದನ್ನು ಮುಂದಕ್ಕೆ ಇಡುವುದು. ಅಷ್ಟೇ. ಅರ್ಧ ನಿಮಿಷದ ಕೆಲಸ. "ಪೋಲು ಮಾಡಬಾರದು" ಅಂದುಕೊಂಡರೆ ಅದನ್ನು ಯಾವಾಗ, ಎಲ್ಲಿ ಮಾಡಬೇಕು ಅಂತ ಕೈಗೆ ಗೊತ್ತಾಗುವುದಿಲ್ಲ. "ಒಲೆ ಆರಿಸಿದ ಕೂಡಲೇ" ಅಂದರೆ ಗೊತ್ತಾಗುತ್ತದೆ. ಒಲೆಯನ್ನಂತೂ ದಿನಾ ಆರಿಸಲೇಬೇಕಲ್ಲ. ಹೊಸ ಕೆಲಸವನ್ನು ಹಳೆಯ ಕೆಲಸದ ಬಾಲಕ್ಕೆ ಕಟ್ಟಿಬಿಡು, ಹಳೆಯದೇ ಎಳೆದುಕೊಂಡು ಹೋಗುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ದಿನಾ ಒಂದು ಗೀಟು. 11ನೇ ದಿನ ಖಾಲಿ ಇದೆ, 30ನೇ ದಿನವೂ ಖಾಲಿ. ಖಾಲಿ ಬಿಟ್ಟೇ ಮುಂದೆ ಹೋದೆ. 40 ದಾಟಿದ ಮೇಲೆ ಒಂದು ರಾತ್ರಿ, ಫ್ರಿಜ್ಜಿನ ಬಾಗಿಲು ಹಿಡಿದು ನಿಂತಾಗಲೇ ಗೊತ್ತಾಯಿತು ನಾನು ಏನು ಮಾಡುತ್ತಿದ್ದೇನೆ ಅಂತ. ಅದಕ್ಕೂ ಮುಂಚೆ ಕೈ ಹೋಗಿಬಿಟ್ಟಿತ್ತು. ಆ ಖುಷಿ ಹೇಳಲಾರೆ.

ನೋಡುವ ವಾರದಲ್ಲಿ ಇನ್ನೊಂದು ಸಿಕ್ಕಿತು. ಬಚ್ಚಲ ನಲ್ಲಿ ಸೆಕೆಂಡಿಗೊಂದರಂತೆ ತೊಟ್ಟಿಕ್ಕುತ್ತಿತ್ತು. ಎಷ್ಟೋ ತಿಂಗಳಿಂದ ಆ ಸದ್ದು ಕಿವಿಗೆ ರೂಢಿಯಾಗಿ ಹೋಗಿತ್ತು. ರಾತ್ರಿ ಹತ್ತಕ್ಕೆ ಕೆಳಗೊಂದು ಬಕೆಟ್ ಇಟ್ಟು ಬೆಳಗ್ಗೆ ಆರಕ್ಕೆ ಲೀಟರ್ ಬಾಟಲಿಯಲ್ಲಿ ಅಳೆದೆ. ಏಳು ಬಾಟಲಿ ತುಂಬಿ ಇನ್ನೂ ಸ್ವಲ್ಪ ಉಳಿಯಿತು. ದಿನಕ್ಕೆ ಇಪ್ಪತ್ತೊಂದು ಲೀಟರಿಗೂ ಮೇಲೆ, ವರ್ಷಕ್ಕೆ ಏಳೂವರೆ ಸಾವಿರ ಲೀಟರಿಗೂ ಮೇಲೆ! ಒಂದು ಸಣ್ಣ ರಬ್ಬರ್ ವಾಷರ್ ಬದಲಾಯಿಸಿದೆ, ನಿಂತಿತು. ಇಂಥದ್ದಕ್ಕೆ ಅಭ್ಯಾಸವೂ ಬೇಡ, ಸವಾಲೂ ಬೇಡ, ಒಂದು ಸಲ ಮಾಡಿ ಮರೆತರಾಯಿತು. ಹಳೆಯ ಬಲ್ಬ್ ಹೋದಾಗ ಎಲ್‌ಇಡಿ ಹಾಕುವುದು, ವಾಷಿಂಗ್ ಮಷೀನನ್ನು ತಣ್ಣೀರಿಗೆ ಇಟ್ಟುಬಿಡುವುದು, ಇವೂ ಹಾಗೇ. ಬಿಸಿನೀರಿನಲ್ಲಿ ಒಗೆದರೆ ಮಷೀನು ತಿನ್ನುವ ಕರೆಂಟಿನಲ್ಲಿ ಹೆಚ್ಚು ಪಾಲು ನೀರು ಕಾಯಿಸುವುದಕ್ಕೇ ಹೋಗುತ್ತದೆ. ಇವನ್ನು ಮೊದಲೇ ಮುಗಿಸಿಕೊಂಡುಬಿಡು. ಗಟ್ಟಿ ಮನಸ್ಸನ್ನು ದಿನಾ ಮಾಡಬೇಕಾದ ಕೆಲಸಕ್ಕೆ ಉಳಿಸಿಕೋ.

ಒಂದು ವಿಷಯದಲ್ಲಿ ಮಾತ್ರ ನಿನ್ನನ್ನು ತಡೆಯುತ್ತೇನೆ. ಶುರುಮಾಡಬೇಕು ಅಂತ ಹೊಸ ಸಾಮಾನು ಕೊಳ್ಳಬೇಡ. ಬಟ್ಟೆ ಚೀಲ, ಸ್ಟೀಲ್ ಬಾಟಲಿ, ಬಿದಿರಿನ ಬ್ರಷ್ಷು ಎಲ್ಲ ಒಟ್ಟಿಗೆ ತರಿಸುವ ಆಸೆ ನನಗೂ ಬಂದಿತ್ತು. ಬ್ರಿಟನ್ನಿನ ಪರಿಸರ ಏಜೆನ್ಸಿ 2011ರಲ್ಲಿ ಒಂದು ಲೆಕ್ಕ ಕೊಟ್ಟಿದೆ. ಒಂದೇ ಸಲ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಹತ್ತಿಯ ಚೀಲವನ್ನು 131 ಸಲ ಬಳಸಿದರೆ ಮಾತ್ರ ಹವಾಮಾನದ ಲೆಕ್ಕದಲ್ಲಿ ಎರಡೂ ಸಮ. ಹತ್ತಿ ಬೆಳೆಯುವುದಕ್ಕೂ ನೇಯುವುದಕ್ಕೂ ಅಷ್ಟು ಖರ್ಚಾಗುತ್ತದೆ. ಮನೆಯಲ್ಲಿರುವ ಹಳೆಯ ಚೀಲವೇ ಸಾಕು, ಅದು ಹರಿಯುವ ತನಕ ಬಳಸು. ನನ್ನ ಚೀಲಗಳು ಒಗೆದು ಮಡಚಿ ಬೀರುವಿನೊಳಗೆ ಇದ್ದವು, ಅದಕ್ಕೇ ಮರೆಯುತ್ತಿದ್ದೆ. ಈಗ ಬೀಗದ ಕೈ ನೇತುಹಾಕುವ ಮೊಳೆಗೇ ಒಂದು ಚೀಲ ಸಿಕ್ಕಿಸಿದ್ದೇನೆ. ಅದನ್ನು ಸರಿಸದೆ ಬೀಗದ ಕೈ ಕೈಗೆ ಬರುವುದಿಲ್ಲ.

ಪ್ಲಾಸ್ಟಿಕ್ಕನ್ನು ಬೇರೆ ಮಾಡಿ ಕೊಟ್ಟರೆ ಮುಗಿಯಿತು ಅಂತಲೂ ಅಂದುಕೊಳ್ಳಬೇಡ. 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಬಳಕೆಗೆ ಹೋದದ್ದು ಶೇ. 9ರಷ್ಟು ಮಾತ್ರ. ಬೇರ್ಪಡಿಸು, ಖಂಡಿತ. ಅದಕ್ಕಿಂತ ಮೊದಲು ಮನೆಯೊಳಗೆ ಬರುವುದನ್ನು ಕಡಿಮೆ ಮಾಡು.

ಮನೆಯವರ ಬಗ್ಗೆಯೂ ಹೇಳಬೇಕು. ಲೈಟ್ ಆರಿಸಿಲ್ಲ ಅಂತ ಒಂದು ದಿನ ಮನೆಯಲ್ಲಿ ರೇಗಿಬಿಟ್ಟೆ. ಎರಡು ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ತಪ್ಪು ನನ್ನದೇ. ಸವಾಲು ಹಾಕಿಕೊಂಡವನು ನಾನು, ಅವರಲ್ಲ. ಅಲ್ಲಿಂದ ಬಾಯಿಮುಚ್ಚಿಕೊಂಡು ನನ್ನ ಗೀಟು ನಾನು ಎಳೆಯುತ್ತಾ ಬಂದೆ. ಸುಮಾರು ದಿನ ಆದಮೇಲೆ ಚಿಕ್ಕ ಮಗಳು ಬಂದು, "ಅಪ್ಪಾ, ಇವತ್ತಿನ ಗೀಟು ನಾನು ಎಳೀಲಾ?" ಅಂದಳು. ಈಗ ಒಲೆ ಆರಿದ ಸದ್ದು ಕೇಳಿದರೆ ಅವಳೇ ಪೆನ್ಸಿಲ್ ಹಿಡಿದು ಬರುತ್ತಾಳೆ.

ನನ್ನ ಎರಡನೇ 66 ದಿನ ಮೊನ್ನೆ ಶುರುವಾಯಿತು. ಈ ಸಲ ಆ ಮೊಳೆಯ ಚೀಲದ್ದೇ ಲೆಕ್ಕ. ನೀನು ಭಾನುವಾರದಿಂದ ಶುರುಮಾಡು. ನಿಯಮ ಗಿಯಮ ಏನೂ ಬೇಡ, ಒಂದು ವಾರ ಬರೀ ಬುಟ್ಟಿ ನೋಡು. ಏನೇನು ಸಿಕ್ಕಿತು ಅಂತ ಬರೆದು ಕಳಿಸು, ನಿನ್ನ ಅಭ್ಯಾಸ ಯಾವುದು ಅಂತ ಇಬ್ಬರೂ ಕೂತು ಆರಿಸೋಣ. ಬಚ್ಚಲ ನಲ್ಲಿಯನ್ನು ಮಾತ್ರ ಇವತ್ತು ರಾತ್ರಿಯೇ ನೋಡಿಬಿಡು.

ಇಂತಿ ನಿನ್ನ
ಗೆಳೆಯ