ಫೋನ್ ಎತ್ತು ಪುಟ್ಟಾ

ಪುಟ್ಟಾ, ಆಶೀರ್ವಾದಗಳು.

ಮೇಲ್ ಓದ್ದೆ. ಅಂಗಡಿ ವಿಷ್ಯ, ಪಾರ್ಟ್ನರ್ ವಿಷ್ಯ ಎಲ್ಲ ಅಣ್ಣ ಆಗ್ಲೇ ಹೇಳಿದ್ದ, ಅದು ಬಿಡು. ಮಧ್ಯದಲ್ಲಿ "ಸಾಲ ಕೊಟ್ಟೋರ ಫೋನ್ ಎತ್ತೋದೇ ಬಿಟ್ಟಿದೀನಿ ಚಿಕ್ಕಪ್ಪ" ಅಂತ ಬರ್ದಿದೀಯಲ್ಲ, ಅದು ತಲೇಲಿ ಕೂತ್ಬಿಟ್ಟಿದೆ ಕಣೋ.

ಇಲ್ಲಿ ಶಿಕಾಗೋಲಿ ನಾನು ಓಡಾಡೋ ಲೋಕಲ್ ಟ್ರೈನ್ ಲೈನ್ ಶುರು ಮಾಡಿದ್ದು ವಿಲಿಯಂ ಆಗ್ಡನ್, ಈ ಊರಿನ ಮೊದಲ್ನೇ ಮೇಯರ್. 1835ರಲ್ಲಿ ಭಾವ ಕೊಂಡಿದ್ದ ಜಾಗ ನೋಡಕ್ಕೆ ಬಂದ್ರೆ ಬರೀ ಕೆಸರು, ಭಾವಂಗೆ ಬುದ್ಧಿ ಕೆಟ್ಟಿತ್ತು ಅಂದ್ಕೊಂಡ. ಆಮೇಲೆ ಅದ್ರಲ್ಲಿ ಮೂರನೇ ಒಂದು ಭಾಗ ಮಾರಿದ್ದಕ್ಕೇ ಹಾಕಿದ ದುಡ್ಡೆಲ್ಲ ವಾಪಸ್ ಬಂತು. ಸಾಧು ಏನಲ್ಲ ಬಿಡು, ಇಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನರನ್ನ ಎಬ್ಬಿಸಿ ಕಳಿಸಿದ ನೆಲದ ವ್ಯಾಪಾರ ಅದು. ಆದ್ರೆ ಅವನು ಮೇಯರ್ ಆದ 1837ರಲ್ಲೇ ಬ್ಯಾಂಕುಗಳು ಮುಳುಗಿ, ಜಾಗದ ರೇಟ್ ಬಿದ್ದು, ಊರೋರೆಲ್ಲ ಮೀಟಿಂಗ್ ಸೇರಿ ತಗೊಂಡ ಸಾಲ ತೀರ್ಸಲ್ಲ ಅಂತ ಕೈ ಎತ್ತಕ್ಕೆ ಹೊರಟ್ರೆ, ಇವನು ಎದ್ದು ನಿಂತು ಹಾಗ್ಮಾಡ್ಬೇಡಿ, ಈಗಿನ್ನೂ ಹುಟ್ಟಿದ ಊರು, ಹೆಸರು ಕೆಡಿಸ್ಬೇಡಿ ಅಂದ. ತಾನೂ ಕಷ್ಟದಲ್ಲೇ ಇದ್ದ.

ನಮ್ಮಪ್ಪ ಹಂಗಿರ್ಲಿಲ್ಲ. ಬಡ್ಡಿಯೋರು ಬಂದ್ರೆ ಹಿತ್ಲಲ್ಲಿ ನಿಂತು ನನ್ನ ಕೈಲಿ "ಅಪ್ಪ ಊರಲ್ಲಿಲ್ಲ" ಅನ್ನಿಸ್ತಿದ್ರು. ಒಂದ್ಸಲ ಬಂದೋರು ಬಾಗಿಲಲ್ಲಿ ಬಿದ್ದಿದ್ದ ಅಪ್ಪನ ಚಪ್ಪಲಿ ನೋಡಿ, ಏನೂ ಅನ್ನದೆ ನನ್ನ ತಲೆ ಸವರಿ ಹೋದ್ರು. ಬೈದಿದ್ರೆ ಮರೀತಿದ್ನೇನೋ. ಎಷ್ಟು ಸಾಲ ಇತ್ತಪ್ಪಾ ಅಂತ ಕೊನೇವರೆಗೂ ಕೇಳ್ಲಿಲ್ಲ ನಾನು, ಈಗ ಕೇಳೋಣ ಅಂದ್ರೆ ಯಾರಿದಾರೆ. ನಿನ್ನ ಮಗಳು ನಿನ್ನ ಫೋನ್ ಎತ್ತಿ ಆ ಮಾತು ಹೇಳೋ ಹಾಗಾಗ್ಬಾರ್ದು, ನನ್ನ ಹೆದರಿಕೆ ಅಷ್ಟೇ.

ಎತ್ತಿದ್ರೆ ಏನ್ ಹೇಳ್ಲಿ ಅಂತೀಯ. ಈ ತಿಂಗ್ಳು ಆಗಲ್ಲ, ಇಂಥ ದಿನ ಇಷ್ಟು ಕೊಡ್ತೀನಿ ಅನ್ನು, ಚಿಕ್ಕ ಸಾಲದೋರಿಂದ ಶುರು ಮಾಡು. ದೂರದಲ್ಲಿ ಕೂತು ಹೇಳೋದು ಸುಲಭ, ಗೊತ್ತು.

ಆಗ್ಡನ್‌ಗೆ 66 ವರ್ಷ ಆಗಿದ್ದಾಗ, 1871ರ ಅಕ್ಟೋಬರ್ 8ರಂದು ಶಿಕಾಗೋಲೂ ವಿಸ್ಕಾನ್ಸಿನ್‌ನ ಪೆಶ್ಟಿಗೋಲೂ ಬೆಂಕಿ ಬಿತ್ತು. ಇಲ್ಲಿ ಮನೆ ಹೋಯ್ತು, ಅಲ್ಲಿ ಮರದ ಮಿಲ್ ಹೋಯ್ತು. ಎರಡೂ ಕಡೆ ತಾನೇ ಹೋಗಿ ಜನರ ಎದುರು ನಿಂತ. ನಿಂಗಿನ್ನೂ ಮೂವತ್ತೈದೂ ಆಗಿಲ್ವಲ್ಲೋ.

ಹಾಂ, ನಿನ್ನ ಹೆಂಡ್ತಿ ಒಡವೆ ಮಾತ್ರ ಅಡ ಇಡ್ಬೇಡ. ಆಗ್ಲೇ ಇಟ್ಟಿದ್ರೆ ಅದನ್ನೂ ಹೇಳು, ಬೈಯಲ್ಲ.

ನಿನ್ನ ಚಿಕ್ಕಪ್ಪ