ಟೆಲಿಮಾರ್ಕ್ ಕಲಿಕೆಗೆ ಸಲಕರಣೆಯ ನೆರವು ಬೇಕು

ಮಾನ್ಯ ಸಂಪಾದಕರೇ,

ತಡಿಯಂಡಮೋಳ್ ಹತ್ತಿ ಬೆಳೆದ ಕೊಡಗಿನ ಯುವಜನರು ಗುಲ್ಮಾರ್ಗ್, ಔಲಿಗಳಲ್ಲಿ ಸ್ಕೀಯಿಂಗ್ ಕಲಿಯಲು ಆಸಕ್ತಿ ತೋರುತ್ತಿರುವುದು ಸಂತೋಷದ ಸಂಗತಿ. ಅವರಲ್ಲಿ ನಾರ್ವೆಯ ಟೆಲಿಮಾರ್ಕ್ ಶೈಲಿಗೆ ಮನಸೋತವರಿಗೆ ಸಲಕರಣೆಯೇ ಮೊದಲ ತೊಡಕು. 19ನೇ ಶತಮಾನದಲ್ಲಿ ಸೋಂದ್ರೆ ನೂರ್‌ಹೈಮ್ ಜನಪ್ರಿಯಗೊಳಿಸಿದ ಈ ಶೈಲಿಯಲ್ಲಿ ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಬಿಗಿದಿದ್ದು, ಹಿಮ್ಮಡಿ ಬಿಡುವಾಗಿರುತ್ತದೆ. ತಿರುವಿನಲ್ಲಿ ಹೊರಗಿನ ಕಾಲು ಮುಂದಕ್ಕೆ ಸರಿದು, ಒಳಗಿನ ಕಾಲಿನ ಮಂಡಿ ಬಗ್ಗಿ ಹಿಮ್ಮಡಿ ಮೇಲೇಳುವಾಗಲೂ ಭಾರ ಎರಡೂ ಪಾದಗಳ ಮೇಲಿರಬೇಕು. ಹಿಂದಿನ ಪಾದವನ್ನು ಸುಮ್ಮನೆ ಎಳೆದುಕೊಂಡು ಹೋದರೆ ಆಯ ತಪ್ಪುವುದು ಖಚಿತ.

ಹಣವಿದ್ದಷ್ಟಕ್ಕೆ ಮೊದಲು ಕಾಲಿಗೆ ಸರಿಹೊಂದುವ ಬೂಟು ಕೊಳ್ಳುವುದೇ ಜಾಣತನ. ಹಳೆಯ 75 ಮಿಲಿಮೀಟರ್ ಪದ್ಧತಿಯ ಬೂಟಿಗೆ ಬಾತುಕೋಳಿಯ ಕೊಕ್ಕಿನಂತಹ ಚಪ್ಪಟೆ ತುದಿಯಿರುತ್ತದೆ. 2007ರ ಸುಮಾರಿಗೆ ಬಂದ ಎನ್‌ಟಿಎನ್ (ನ್ಯೂ ಟೆಲಿಮಾರ್ಕ್ ನಾರ್ಮ್) ಪದ್ಧತಿಯ ಬೂಟಿಗೆ ಅದಿರುವುದಿಲ್ಲ. ಒಂದರ ಬೂಟು ಇನ್ನೊಂದರ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಬಿಗಿಯುವ ಹಿಡಿಕೆಗೆ) ಕೂರದ ಕಾರಣ, ಅಗ್ಗಕ್ಕೆ ಸಿಕ್ಕಿತೆಂದು ಸೆಕೆಂಡ್ ಹ್ಯಾಂಡ್ ಬೂಟು ಕೊಳ್ಳುವ ಮುನ್ನ ಬೈಂಡಿಂಗ್ ಯಾವುದೆಂದು ನೋಡಲೇಬೇಕು. ಸ್ಕೀಗೆ ಅಷ್ಟು ಚಿಂತೆ ಬೇಡ. ಸಾಮಾನ್ಯ ಆಲ್ಪೈನ್ ಸ್ಕೀಗೂ ಟೆಲಿಮಾರ್ಕ್ ಬೈಂಡಿಂಗ್ ಕೂರಿಸಬಹುದು, ಆದರೆ ಅದನ್ನು ಬಲ್ಲವರಿಂದಲೇ ಮಾಡಿಸಬೇಕು.

ಕಾಫಿ ಕೊಯ್ಲಿನ ತಿಂಗಳುಗಳಲ್ಲೇ ಹಿಮದ ಹಂಗಾಮೂ ಬರುವುದರಿಂದ ತೋಟದ ಮನೆಗಳ ಮಕ್ಕಳಿಗೆ ಬಿಡುವೇ ಕಡಿಮೆ. ಅದರ ಮೇಲೆ ದುಬಾರಿ ಸಲಕರಣೆಯ ಹೊರೆ ಬೇರೆ. ಆದ್ದರಿಂದ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ವಿವಿಧ ಅಳತೆಯ ಕೆಲವು ಜೊತೆ ಬೂಟುಗಳನ್ನೂ ಅವಕ್ಕೆ ಹೊಂದುವ ಸ್ಕೀಗಳನ್ನೂ ಮಡಿಕೇರಿಯಲ್ಲಿರಿಸಿ, ಕಲಿಯಹೋಗುವವರಿಗೆ ಕಡಿಮೆ ಬಾಡಿಗೆಗೆ ಒದಗಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮಡಿಕೇರಿ